ಹನ್ನೊಂದು ಮಂದಿಯಿದ್ದ ನಿರ್ಜನ ಜಾಗ

ಕಾಟರ್ ಲೇನಿನಲ್ಲಿ ಯಾರೂ ವಾಸವಾಗಿಲ್ಲ ಎಂಬ ಸುದ್ದಿ ಕಾಟರ್ ಲೇನಿನ ಆರೂ ಮನೆಗಳಿಗೆ ಒಂದೇ ದಿನ ಅಂಚೆಯಲ್ಲಿ ಬಂತು.

ಹಾಲ್ಕಂ ನಗರಸಭೆಯ ಮೊಹರಿದ್ದ ಉದ್ದನೆಯ ಲಕೋಟೆ. ಹೆದ್ದಾರಿಯ ಪೂರ್ವಕ್ಕಿರುವ ನೂರ ಎಂಬತ್ತು ಎಕರೆಯನ್ನು ನಗರದ ಗಡಿಯೊಳಗೆ ಸೇರಿಸಿಕೊಂಡು, ಅಲ್ಲಿ ಲಾರಿಗಳ ತಂಗುದಾಣ, ಎರಡು ಗೋದಾಮು, ಒಂದು ಹೋಟೆಲು, ಬರ್ಗರ್ ಅಂಗಡಿಗಳ ಒಂದು ಸಾಲು ಕಟ್ಟಲು ಬಿಡಬೇಕೇ ಬೇಡವೇ ಎಂದು ಜೂನ್ ಹದಿನೇಳರ ಸಂಜೆ ಆರಕ್ಕೆ ಸಭೆ ತೀರ್ಮಾನಿಸುತ್ತದೆ. ಇಷ್ಟವಿದ್ದವರು ಬಂದು ಮಾತಾಡಬಹುದು. ಇಷ್ಟು ಮೊದಲ ಪುಟ. ಎರಡನೆಯ ಪುಟದ ನಡುವೆ ಒಂದು ಸಾಲು: ‘ಸದರಿ ಪ್ರದೇಶವು ಜನವಸತಿಯಿಲ್ಲದ್ದಾಗಿರುತ್ತದೆ.’ ನಮ್ಮ ಕಡೆ ಕಂದಾಯದ ಕಾಗದಗಳಲ್ಲಿ ಬೇಚರಾಕ್ ಎಂದು ಬರೆಯುತ್ತಾರಲ್ಲ, ದೀಪ ಹಚ್ಚುವವರಿಲ್ಲದ ಊರು ಎಂದು, ಅದೇ ಮಾತು. ಜನರಿಲ್ಲದ ಜಾಗದ ಜನರಿಗೆ ಒಬ್ಬೊಬ್ಬರ ಹೆಸರು ಹಿಡಿದು ಕಾಗದ ಕಳಿಸಲು ಸರ್ಕಾರದವರಿಂದ ಮಾತ್ರ ಸಾಧ್ಯ.

ಮೊದಲನೆಯ ಮನೆಯ ಅಡೆಲಿನೋ ಸಿಲ್ವೇರ ಅಂಚೆಪೆಟ್ಟಿಗೆಗಳ ಹತ್ತಿರವೇ ನಿಂತು ಅದನ್ನು ಗಟ್ಟಿಯಾಗಿ ಓದಿದ. ನಲವತ್ತು ವರ್ಷ ಡೈರಿಗಳಲ್ಲಿ ಹಾಲು ಕರೆದು ಸೊಂಟ ಸೊಟ್ಟಗಾದ ಪೋರ್ಚುಗೀಸ್ ಮುದುಕ, ನಾಲಿಗೆ ಮಾತ್ರ ನೆಟ್ಟಗಿತ್ತು. ಆರನೆಯ ಮನೆಯ ವರ್ಲೀನ್ ಪ್ರೂಯಿಟ್ ತನ್ನ ಲಕೋಟೆ ತೆಗೆದುಕೊಳ್ಳುತ್ತಿದ್ದಳು.

“ನೋಡು ವರ್ಲೀನ್, ನಾವು ಇಲ್ವಂತೆ,” ಎಂದ. “ಹಂಗಾದ್ರೆ ಬೆಳಗ್ಗೆಯಿಂದ ನೋಯ್ತಾ ಇರೋ ಈ ಸೊಂಟ ಯಾರ್ದು?”

ಬೇರೆ ದಿನವಾಗಿದ್ದರೆ ಅವಳು ಇದಕ್ಕೊಂದು ತಿರುಗುಬಾಣ ಬಿಡದೆ ಇರುತ್ತಿರಲಿಲ್ಲ. ಅವತ್ತು ತಲೆಯಾಡಿಸಿ ಒಳಗೆ ಹೋದಳು. ಫೆಬ್ರವರಿಯಿಂದ ಅವಳು ಎಲ್ಲದಕ್ಕೂ ಹೀಗೆ ತಲೆಯಾಡಿಸುವುದೇ ಆಗಿತ್ತು.

ವರ್ಲೀನಳಿಗೆ ಐವತ್ತೊಂಬತ್ತು. ಅಜ್ಜ ಅಜ್ಜಿ ಓಕ್ಲಹೋಮಾದಿಂದ ಹತ್ತಿ ಬಿಡಿಸಲು ಈ ಕಣಿವೆಗೆ ಬಂದವರು. ಅಪ್ಪ ಹತ್ತಿ ಬಿಟ್ಟು ಲಾರಿ ಹಿಡಿದ. ಮಗಳು ಸ್ಕೂಲ್ ಬಸ್ಸು ಹಿಡಿದಳು. ಮೂವತ್ತೊಂದು ವರ್ಷದಿಂದ ಹದಿನಾಲ್ಕನೆಯ ನಂಬರಿನ ಹಳದಿ ಬಸ್ಸು ಅವಳದು. ಚಳಿಗಾಲದಲ್ಲಿ ನೆಲಕ್ಕೆ ಕವುಚಿ ಕೂರುವ ಮಂಜಿನಲ್ಲಿ, ಕಿಟಕಿ ಇಳಿಸಿ, ರಸ್ತೆಯ ಬಿಳಿ ಗೆರೆಯನ್ನೇ ನೋಡುತ್ತ, ಬಾದಾಮಿ ತೋಟಗಳ ನಡುವೆ ಓಡಿಸಿದವಳು. ಊರಿನ ಅರ್ಧ ಜನ ಅವಳ ಬೆನ್ನ ಹಿಂದೆ ಕೂತು ದೊಡ್ಡವರಾದವರು. ಯಾರನ್ನು ನೆನೆದರೂ ಅವಳಿಗೆ ಮೊದಲು ಹೊಳೆಯುವುದು ಅವರು ಹತ್ತುತ್ತಿದ್ದ ಸ್ಟಾಪು, ಆಮೇಲೆ ಹೆಸರು. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಗಿಲು ಬಾಗಿಲಿಗೂ ಎಷ್ಟು ತಲೆ ಎಂದು ಎಣಿಸಿಕೊಂಡು ಹೋಗುವುದು ಅವಳ ಕೆಲಸವೂ ಹೌದು, ಚಾಳಿಯೂ ಹೌದು.

ಕಾಗದಪತ್ರದಲ್ಲೂ ಅವಳದು ಅದೇ ಶಿಸ್ತು. ಫಾರಂ ಬಂದ ದಿನವೇ ತುಂಬಬೇಕು, ಕಪ್ಪು ಇಂಕೇ ಆಗಬೇಕು, ಖಾನೆಯಿಂದ ಅಕ್ಷರ ಹೊರಚಾಚಬಾರದು. ಗಂಡ ಹಾಯ್ಟ್ ಇದಕ್ಕೆ ಪೂರ್ತಿ ಉಲ್ಟಾ. ಬಾವಿಯ ಪಂಪು ರಿಪೇರಿ ಮಾಡುವವನು, ಬಾಯಿ ಬಿಟ್ಟರೆ ಮುಚ್ಚುವವನಲ್ಲ, ಬಂದ ಪತ್ರಗಳನ್ನೆಲ್ಲ ಟ್ರಕ್ಕಿನ ಸೀಟಿನಡಿ ತುರುಕುವವನು. ಬಾಡಿಗೆ ನೆಲದ ಮೇಲೆ ಮನೆ ತಂದಿಟ್ಟ ದಿನದಿಂದ ಇಬ್ಬರದೂ ಇದೇ ಜಗಳ. ಕಾರ್ಖಾನೆಯಲ್ಲಿ ಮಾಡಿ ಎರಡು ತುಂಡಾಗಿ ಲಾರಿಯ ಮೇಲೆ ಬಂದ ಮನೆ ಅದು. ಮನೆ ಅವರದು, ಕೆಳಗಿನ ನೆಲ ಮಾತ್ರ ಬಾದಾಮಿ ತೋಟದ ಒಡೆಯರದು. ಬೀದಿಯ ಆರೂ ಮನೆಗಳ ಕತೆ ಇಷ್ಟೇ. ಜಮೀನು ನಗರಕ್ಕೆ ಸೇರಿದರೆ ಒಡೆಯರು ಮಾರುತ್ತಾರೆ, ಕೊಂಡವರು ಎದ್ದು ಹೋಗಿ ಎನ್ನುತ್ತಾರೆ. ಮನೆಯನ್ನು ಎತ್ತಿಕೊಂಡು ಹೋಗಲು ಅಡ್ಡಿಯಿಲ್ಲ ಎಂದು ಕಾಗದದಲ್ಲಿ ಧಾರಾಳವಾಗಿ ಬರೆದಿದ್ದರು. ಮೂವತ್ತು ವರ್ಷ ಒಂದೇ ಕಡೆ ಕೂತ ಅಂಥ ಮನೆಯನ್ನು ಎತ್ತಿದರೆ ಎತ್ತಿದ ಕಡೆಯೇ ಮುರಿಯುತ್ತದೆ ಎಂಬುದು ಬರೆದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಬರೆದರೋ.

ಹಾಯ್ಟ್ ಫೆಬ್ರವರಿಯಲ್ಲಿ ಅಂಗಳದಲ್ಲಿ ಟ್ರಕ್ಕಿಗೆ ಒರಗಿ ನಿಂತವನು ಹಾಗೆಯೇ ಜಾರಿ ಕೂತು, ತೀರಿಹೋಗಿಬಿಟ್ಟ. ಚರ್ಚಿನವರು ಹದಿನಾರು ಪಾತ್ರೆಗಳಲ್ಲಿ ಊಟ ತಂದರು, ಪಾತ್ರೆಯ ತಳದಲ್ಲಿ ಹೆಸರಿನ ಪಟ್ಟಿ ಅಂಟಿಸಿ. ವರ್ಲೀನ್ ಹದಿನಾರನ್ನೂ ತೊಳೆದು, ಹೆಸರು ನೋಡಿ, ಒಂದು ವಾರದೊಳಗೆ ಮನೆಮನೆಗೆ ಮುಟ್ಟಿಸಿದಳು. ಅವನ ಡ್ರೈವಿಂಗ್ ಲೈಸೆನ್ಸು, ಮೀನು ಹಿಡಿಯುವ ಪರವಾನಗಿ, ಫೋನು, ಲೈಬ್ರರಿ ಕಾರ್ಡು, ಒಂದೊಂದನ್ನೇ ಬರೆದು ರದ್ದು ಮಾಡಿಸಿದಳು. ಎರಡನೆಯ ಸೋಮವಾರ ಬಸ್ಸು ಹತ್ತಿದಳು. ಎಂಥ ಗಟ್ಟಿಗಿತ್ತಿ ಎಂದರು ಜನ. ಗಟ್ಟಿತನ ಏನೂ ಇರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗೆ, ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಒಂದೆರಡು ಸಲ ಹೆದರಿಕೆಯಾಯಿತು, ಆಮೇಲೆ ಆ ಹೆದರಿಕೆಯೂ ಹೋಯಿತು.

ಕಾಗದ ಬಂದ ಮೇಲೆ ಬೀದಿಯವರೆಲ್ಲ ಸೇರಿ ವರ್ಲೀನಳನ್ನೇ ನಗರಸಭೆಯ ಕಚೇರಿಗೆ ಕಳಿಸಿದರು. ಫಾರಂ ಓದಲು ಬರುವವಳು ಅವಳೊಬ್ಬಳೇ ಎಂದು ಅವರ ನಂಬಿಕೆ. ಕಚೇರಿಯ ಮುಖ್ಯ ಗುಮಾಸ್ತೆ ಮಾರಿಸೆಲಾ ಓರ್ನೆಲಾಸ್. ಕಾಲುವೆ ಸೇತುವೆಯ ಸ್ಟಾಪು, ಬಲಗಡೆ ಮೂರನೆಯ ಸೀಟು. ಈಗ ಕನ್ನಡಕ ಹಾಕಿಕೊಂಡು, ಇಬ್ಬರು ಮಕ್ಕಳ ತಾಯಿಯಾಗಿ ಕೂತಿದ್ದರೂ ವರ್ಲೀನಳನ್ನು ಕಂಡರೆ ಎದ್ದು ನಿಲ್ಲುವ ಅಭ್ಯಾಸ ಬಿಟ್ಟಿರಲಿಲ್ಲ.

ವಿಷಯ ಸರಳವಾಗಿತ್ತು, ಮಾರಿಸೆಲಾ ಮೆಲ್ಲಗೆ ಬಿಡಿಸಿ ಹೇಳಿದಳು. ರಾಜ್ಯದ ಕಾನೂನಿನ ಪ್ರಕಾರ ಒಂದು ಪ್ರದೇಶದಲ್ಲಿ ಹನ್ನೆರಡು ಮಂದಿ ನೋಂದಾಯಿತ ಮತದಾರರು ಇದ್ದರೆ ಅಲ್ಲಿ ಜನವಸತಿ ಇದೆ. ಆಗ ಆ ಜನರ ಮಾತು ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿ ಬೇಡವೆಂದು ಬರೆದುಕೊಟ್ಟರೆ ನಗರಸಭೆ ತಲೆಕೆಳಗಾಗಿ ನಿಂತರೂ ಸೇರಿಸಿಕೊಳ್ಳುವಂತಿಲ್ಲ. ಹನ್ನೊಂದೇ ಇದ್ದರೆ ಅಲ್ಲಿ ಜನವಿಲ್ಲ. ಆಗ ಜಮೀನಿನ ಒಡೆಯರ ಮಾತೇ ಮಾತು. ಎಣಿಕೆ ಮೇ ತಿಂಗಳ ಒಂದನೆಯ ತಾರೀಕಿನದು, ಅಂದು ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು.

ವರ್ಲೀನ್ ಪಟ್ಟಿ ತೋರಿಸು ಎಂದಳು. ಬೀದಿಯ ಮನೆಗಳನ್ನು ಮನಸ್ಸಿನಲ್ಲೇ ಬಸ್ಸಿನ ಲೆಕ್ಕದಲ್ಲಿ ದಾಟಿಕೊಂಡು ಬಂದಳು. ಕೊನೆಗೆ ತನ್ನ ಮನೆ. ಅಲ್ಲಿ ಪ್ರೂಯಿಟ್ ಎಂಬುದು ಒಂದೇ ಸಾಲು.

ಏಪ್ರಿಲ್ ಮೊದಲ ವಾರದಲ್ಲಿ ಯಾವುದೋ ನೀರಾವರಿ ಮಂಡಳಿಯ ಚುನಾವಣೆಗೆ ಮತಪತ್ರಗಳು ಅಂಚೆಯಲ್ಲಿ ಬಂದಿದ್ದವು, ಇಬ್ಬರಿಗೂ ಒಂದೊಂದು. ಸತ್ತವನ ಮತಪತ್ರ ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪು ಎಂದು ಅವಳಿಗೆ ಅನ್ನಿಸಿತು. ಅವತ್ತೇ ಚುನಾವಣಾ ಕಚೇರಿಗೆ ಬರೆದು, ಮರಣಪತ್ರದ ನಕಲು ಲಗತ್ತಿಸಿ, ಹೆಸರು ತೆಗೆಯಬೇಕೆಂದು ಕೋರಿ, ಕಪ್ಪು ಇಂಕಿನಲ್ಲಿ ಸಹಿ ಹಾಕಿ ಕಳಿಸಿದ್ದಳು. ಕಳಿಸಿದ್ದು ಮರೆತೂಹೋಗಿತ್ತು. ಟ್ರಕ್ಕಿನ ಸೀಟಿನಡಿ ತುರುಕಿದ್ದರೆ ಇವತ್ತು ಹನ್ನೆರಡು.

“ನೀವು ಕಳಿಸದೆ ಇದ್ದಿದ್ರೆ ಅವರಾಗಿ ತೆಗೆಯೋಕೆ ವರ್ಷವೇ ಹಿಡೀತಿತ್ತೇನೋ, ಮಿಸ್ ವರ್ಲೀನ್,” ಎಂದು ಮಾರಿಸೆಲಾ ಹೇಳಿದಳು. ಸಮಾಧಾನ ಮಾಡಲು ಹೊರಟವಳು, ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

ಬೀದಿಗೆ ಹಿಂತಿರುಗಿ ವರ್ಲೀನ್ ಅರ್ಧ ಸುದ್ದಿ ಮಾತ್ರ ಹೇಳಿದಳು. ಹನ್ನೆರಡು ಬೇಕಿತ್ತು, ಹನ್ನೊಂದಿದೆ, ಇಷ್ಟೇ. ಅಷ್ಟರಲ್ಲಿ ಎಲ್ಲರ ಕತ್ತೂ ಅಡೆಲಿನೋ ಕಡೆ ತಿರುಗಿತ್ತು.

ಅವನು ಮತದಾರರ ಪಟ್ಟಿಗೆ ಸೇರಿದವನೇ ಅಲ್ಲ ಎಂಬುದು ಬೀದಿಗೆಲ್ಲ ಗೊತ್ತು. ಪಟ್ಟಿಗೆ ಸೇರಿದರೆ ಕೋರ್ಟಿನವರು ಮೊಕದ್ದಮೆ ಕೇಳುವ ಜ್ಯೂರಿಯಲ್ಲಿ ಕೂರು ಎಂದು ಕರೆಸುತ್ತಾರೆ, ವಾರಗಟ್ಟಲೆ ಬೆಂಚಿನ ಮೇಲೆ ಕೂರಿಸುತ್ತಾರೆ, ತನ್ನ ಸೊಂಟಕ್ಕೆ ಅದು ಆಗದು ಎಂಬುದು ಅವನ ವಾದ. ಇಷ್ಟು ವರ್ಷ ಅದೊಂದು ತಮಾಷೆಯಾಗಿತ್ತು. ಈಗ ಅದೇ ತಮಾಷೆ ಆರು ಮನೆಗಳನ್ನು ತಿಂದಿತು ಎಂದರು. ಮೂರನೆಯ ಮನೆಯ ಟಕ್‌ನೆಸ್ ಸೋದರರು, ನಿನ್ನ ಸೊಂಟವನ್ನು ಗೋದಾಮಿನ ನೆಲಕ್ಕೆ ಹಾಕಿ ಕಾಂಕ್ರೀಟು ಸುರಿಯುತ್ತಾರೆ ನೋಡು ಎಂದರು. ನಾಲ್ಕನೆಯ ಮನೆಯ ಅಕ್ಕತಂಗಿಯರು ಮಾತೇ ಬಿಟ್ಟರು. ಅವನು ಮಾರನೆಯ ದಿನವೇ ಕೋಲೂರಿಕೊಂಡು ಹೋಗಿ ಹೆಸರು ಬರೆಸಿ ಬಂದ. ತಾರೀಕು ಮುಗಿದಿದೆ, ಇದು ಲೆಕ್ಕಕ್ಕಿಲ್ಲ ಎಂದು ಅಲ್ಲಿಯೂ ಹೇಳಿಸಿಕೊಂಡ. ಆಮೇಲೆ ಸಭೆಯ ದಿನದವರೆಗೂ ಅವನು ಅಂಚೆಪೆಟ್ಟಿಗೆಯ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಿದ್ದ.

ವರ್ಲೀನ್ ಅಡಿಗೆಮನೆಯ ಕಿಟಕಿಯಿಂದ ಇದನ್ನು ನೋಡುತ್ತಿದ್ದಳು. ಹೋಗಿ ಹೇಳಬೇಕು ಎಂದು ತಿಳಿದಿತ್ತು. ಹೇಳದಿರುವುದು ಅನ್ಯಾಯ ಎಂದೂ ತಿಳಿದಿತ್ತು. ತಿಳಿದಿದ್ದೇನೋ ಸರಿ, ಆದರೆ ಒಳಗೆ ಯಾವುದೂ ಚುಚ್ಚುತ್ತಿರಲಿಲ್ಲ. ಪಕ್ಕದ ಮನೆಯ ಟೀವಿಯಲ್ಲಿ ಯಾರೋ ಅಳುತ್ತಿರುವುದನ್ನು ಕೇಳಿದ ಹಾಗೆ ಕೇಳಿಸಿಕೊಂಡು, ಪಾತ್ರೆ ತೊಳೆದು, ಬಟ್ಟೆ ಮಡಿಸಿ, ಸಭೆಯಲ್ಲಿ ಮಾತಾಡುವವರ ಚೀಟಿಯಲ್ಲಿ ತನ್ನ ಹೆಸರು ತುಂಬಿಟ್ಟಳು.

ಜೂನ್ ಹದಿನೇಳರ ಸಂಜೆ ಆರಕ್ಕೆ ಬಿಸಿಲು ಇನ್ನೂ ಡಾಂಬರನ್ನು ಕರಗಿಸುತ್ತಿತ್ತು. ಸಭಾಂಗಣದೊಳಗೆ ಮಾತ್ರ ಹಲ್ಲು ಕಟಕಟಿಸುವಂಥ ಏಸಿ. ಐವರು ಸದಸ್ಯರು ಎತ್ತರದ ಮೇಜಿನ ಹಿಂದೆ. ನಡುವೆ ಮೇಯರ್ ಲೆಡ್‌ಬೆಟರ್, ಟೈರಿನ ಅಂಗಡಿಯವನು, ಕೆಟ್ಟವನಲ್ಲ. ಕಟ್ಟುವ ಕಂಪನಿಯ ಮನುಷ್ಯ ಹಲಗೆಗಳ ಮೇಲೆ ಬಣ್ಣದ ಚಿತ್ರ ತಂದಿದ್ದ. ಚಿತ್ರದ ಕಾಟರ್ ಲೇನಿನಲ್ಲಿ ಮರಗಳಿದ್ದವು, ಬೆಂಚುಗಳಿದ್ದವು, ಬಲೂನು ಹಿಡಿದ ಒಂದು ಕುಟುಂಬ ನಡೆದುಹೋಗುತ್ತಿತ್ತು. ಜನವಿಲ್ಲದ ಜಾಗಕ್ಕೆ ಇವರು ಯಾವಾಗ ಬಂದು ಸೇರಿದರೋ. ಒಬ್ಬ ಸದಸ್ಯೆ ತೆರಿಗೆಯ ಬಗ್ಗೆ, ಕೆಲಸಗಳ ಬಗ್ಗೆ ಮಾತಾಡಿದಳು. ಇನ್ನೊಬ್ಬ, ಅಲ್ಲಿನವರಿಗೆ ಮತದ ಹಕ್ಕಿದ್ದಿದ್ದರೆ ಅವರಿಗೇ ಬಿಡುತ್ತಿದ್ದೆ, ಹನ್ನೆರಡು ಇಲ್ಲವಲ್ಲ, ನನ್ನ ಕೈ ಕಟ್ಟಿದೆ ಎಂದ. ಹಿಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ ಅಡೆಲಿನೋ ಕಡೆ ಬೀದಿಯವರು ಮತ್ತೊಮ್ಮೆ ತಿರುಗಿ ನೋಡಿದರು. ಅವನು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ.

ಒಬ್ಬೊಬ್ಬರಿಗೆ ಮೂರು ನಿಮಿಷ. ಗೋಡೆಯ ಮೇಲಿನ ಗಡಿಯಾರ ಹಿಂದಕ್ಕೆ ಓಡುತ್ತದೆ, ಮುಗಿದರೆ ಗಂಟೆ. ವರ್ಲೀನಳ ಹೆಸರು ಕರೆದರು. ಮೈಕಿನ ಮುಂದೆ ನಿಂತು ಹೆಸರು, ವಿಳಾಸ ಹೇಳಿದಳು. ಆಮೇಲೆ ಬರೆದುಕೊಂಡು ಬಂದಿದ್ದ ಕಾಗದವನ್ನು ಮಡಿಸಿ ಪರ್ಸಿಗೆ ಹಾಕಿದಳು.

“ಹನ್ನೆರಡನೇ ಹೆಸರು ನನ್ನ ಗಂಡಂದು,” ಎಂದಳು. “ಏಪ್ರಿಲ್‌ನಲ್ಲಿ ಅದನ್ನ ತೆಗೆಸಿದ್ದು ನಾನೇ. ತೆಗೆಸು ಅಂತ ಯಾರೂ ಹೇಳಿರ್ಲಿಲ್ಲ. ಮತಪತ್ರ ಬಂತು, ಬರೆದು ಕಳಿಸ್ದೆ. ಅಡೆಲಿನೋದು ಏನೂ ತಪ್ಪಿಲ್ಲ. ಎರಡು ವಾರದಿಂದ ನಂಗಿದು ಗೊತ್ತಿತ್ತು, ಹೇಳ್ಲಿಲ್ಲ. ಅಷ್ಟೇ.”

ಅಷ್ಟೇ ಎಂದವಳು ಅಲ್ಲಿಂದ ಹೊರಡಲಿಲ್ಲ. ಗಡಿಯಾರ ಓಡುತ್ತಿತ್ತು. ಟಕ್‌ನೆಸ್ ಸೋದರರಲ್ಲಿ ದೊಡ್ಡವನು ಕೆಮ್ಮಿದ. ಉಳಿದ ಎರಡು ನಿಮಿಷವೂ ಹಾಗೆಯೇ ಓಡಿ ಮುಗಿದು, ಗಂಟೆ ಹೊಡೆದಾಗ ಎಲ್ಲರೂ ಬೆಚ್ಚಿದರು.

ಮುಂದಿನ ಹೆಸರು ಅಡೆಲಿನೋನದೇ ಆಗಿತ್ತು. ಅವನು ಕೋಲೂರಿಕೊಂಡು ಮೈಕಿನವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದವನು ವರ್ಲೀನಳ ಮುಖವನ್ನೇ ನೋಡಿದ, ಎರಡು ವಾರದ್ದನ್ನೆಲ್ಲ ಅವನ ದವಡೆ ಅಗಿಯುತ್ತಿತ್ತು. ಆಮೇಲೆ ಮೇಯರ್ ಕಡೆ ತಿರುಗಿದ.

“ನನ್ನ ಮೂರು ನಿಮಿಷ ಇವಳಿಗೆ ಕೊಡಿ,” ಎಂದ. “ನಾನು ಬಾಯಿ ಬಿಟ್ರೆ ಬೈಗುಳಾನೇ ಬರೋದು.” ಹೀಗೆ ತನ್ನ ಹೊತ್ತನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಅಲ್ಲಿ ಅವಕಾಶವಿದೆ. ಮೇಯರ್ ತಲೆಯಾಡಿಸಿದ, ಗಡಿಯಾರ ಮತ್ತೆ ಮೂರಕ್ಕೆ ಏರಿತು. ಅಡೆಲಿನೋ ವರ್ಲೀನಳ ಕಡೆ ಬಾಗಿ, ಮೈಕಿಗೆ ಕೇಳಿಸದ ಹಾಗೆ, “ಎರಡು ವಾರ ಅಂತೀಯಲ್ಲ, ಥೂ ನಿನ್ನ,” ಎಂದು ಹೇಳಿ ಮುಂದಿನ ಸಾಲಿನಲ್ಲೇ ಕೂತುಬಿಟ್ಟ.

ಮೂರು ನಿಮಿಷ ಅವಳ ಕೈಗೆ ಬಂತು. ದೇಶ, ಹಕ್ಕು, ನ್ಯಾಯ ಎಂದು ಮಾತಾಡುವವಳು ಅವಳಲ್ಲ. ಅವಳಿಗೆ ಗೊತ್ತಿದ್ದುದು ಒಂದೇ ಕೆಲಸ. ಎರಡೂ ಕೈ ಮೈಕಿಟ್ಟಿದ್ದ ಮೇಜಿನ ಅಂಚಿನ ಮೇಲಿಟ್ಟು, ಸ್ಟಿಯರಿಂಗ್ ಹಿಡಿದ ಹಾಗೆ ಹಿಡಿದು, ಹೆದ್ದಾರಿಯ ಕಡೆಯಿಂದ ಶುರು ಮಾಡಿದಳು.

“ಮೊದಲನೇ ಮನೆ, ಅಡೆಲಿನೋ ಸಿಲ್ವೇರ. ಒಬ್ರು. ಎರಡನೇದು ಎಸ್ಪಾರ್ಸಾ ಅವರದು. ಅಪ್ಪ, ಅಮ್ಮ, ದೊಡ್ಡ ಮಗಳು ಯುರಿಡಿಯಾ. ಅಪ್ಪ ಅಮ್ಮನಿಗೆ ಇನ್ನೂ ಓಟಿಲ್ಲ, ಆದ್ರೂ ಅಲ್ಲೇ ಇದ್ದಾರೆ, ಇಪ್ಪತ್ತೆರಡು ವರ್ಷದಿಂದ ನಿಮ್ಮ ಬಾದಾಮಿ ಉದುರಿಸ್ತಿರೋದು ಅವ್ರೇ. ಮೂವರು. ಅವಳ ತಮ್ಮಂದಿರು ಇಬ್ರು, ನನ್ನ ಬಸ್ಸಲ್ಲೇ ಸ್ಕೂಲಿಗೆ ಹೋಗ್ತಾರೆ. ಮೂರನೇದು, ಟಕ್‌ನೆಸ್ ಅಣ್ಣ ತಮ್ಮ, ಅವರ ಹೆಂಡ್ತೀರು. ನಾಲ್ವರು. ನಾಲ್ಕನೇದು, ಹ್ಯಾಲಿ ಬೂನ್, ಅವಳ ತಂಗಿ ಅರ್ಡಿತ್. ಇಬ್ರು. ಅರ್ಡಿತ್‌ಗೆ ಕಣ್ಣು ಕಾಣಲ್ಲ, ಬಸ್ಸಿನ ಸದ್ದಿಗೆ ಕಿಟಕಿ ಹತ್ರ ಬಂದು ಕೈ ಬೀಸ್ತಾಳೆ. ಐದನೇದು ಗಿಲ್ ಅವರದು. ಸರ್ದಾರ್ಜಿ ಲಾರಿ ಓಡಿಸ್ತಾರೆ, ಹೆಂಡತಿ, ಅವರ ಅತ್ತೆ. ಮೂವರು.”

ಮಾರಿಸೆಲಾ ಕೀಲಿಮಣೆ ಕುಟ್ಟುತ್ತ, ಸಭೆಯ ನಡಾವಳಿಗೆ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದಳು. ವರ್ಲೀನಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ಆರನೇದು ಪ್ರೂಯಿಟ್,” ಎಂದಳು. “ಬೀದಿ ಕೊನೆ. ಬಸ್ಸು ಅಲ್ಲಿ ತಿರುಗುತ್ತೆ. ಇಬ್ರು.”

ಹೇಳಿದ್ದು ಅವಳ ಕಿವಿಗೆ ಬಿದ್ದದ್ದು ಆಮೇಲೆ. ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು. ಅವಳು ಹೋಗಿ ಅಡೆಲಿನೋ ಪಕ್ಕದಲ್ಲಿ ಕೂತಳು. ಅವನು ಟೋಪಿಯನ್ನು ಈ ಮೊಣಕಾಲಿನಿಂದ ಆ ಮೊಣಕಾಲಿಗೆ ಬದಲಾಯಿಸಿದ.

ಮತಕ್ಕೆ ಹಾಕಿದರು. ಮೂವರು ಹೌದು, ಇಬ್ಬರು ಬೇಡ. ಮೇಯರ್ ಬೇಡ ಎಂದವರಲ್ಲಿ ಒಬ್ಬ, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಕಂಪನಿಯ ಮನುಷ್ಯ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಬಟ್ಟೆ ಸುತ್ತಿದ. ಹೊಸ ವರ್ಷದೊಳಗೆ ಬೀದಿ ಖಾಲಿಯಾಗಬೇಕಾಗುತ್ತದೆ ಎಂದು ಯಾರೋ ಮೆಲ್ಲಗೆ ಹೇಳಿದರು. ಅಕ್ಕತಂಗಿಯರು ಕೈ ಹಿಡಿದುಕೊಂಡು ಹೊರಗೆ ಹೋದರು. ಟಕ್‌ನೆಸ್ ಸೋದರರು ಅಡೆಲಿನೋ ಹತ್ತಿರ ನಿಂತು, ಮನೆಗೆ ಬಿಡುತ್ತೇವೆ ಬಾ ಎಂದರು. ಬಿಡಬೇಕಾದ್ದೇ ಎಂದು ಅವನು ಕೋಲನ್ನು ಅವರ ಕೈಗೆ ಕೊಟ್ಟ.

ಮನೆ ಹೋಗುತ್ತದೆ ಎಂಬುದು ವರ್ಲೀನಳಿಗೆ ಅರ್ಥವಾಗಿತ್ತು. ಎದ್ದು ಪರ್ಸು ತೆಗೆದುಕೊಂಡಳು. ಬಾಗಿಲ ಹತ್ತಿರ ಮಾರಿಸೆಲಾ ಹಿಂದಿನಿಂದ ಬಂದು ನಿಲ್ಲಿಸಿದಳು, ಕೈಯಲ್ಲಿ ನಡಾವಳಿಯ ಹಾಳೆ.

“ಮಿಸ್ ವರ್ಲೀನ್, ಇದು ನಾಳೆ ಕಡತಕ್ಕೆ ಹೋಗುತ್ತೆ, ಅಲ್ಲಿ ಶಾಶ್ವತವಾಗಿ ಇರುತ್ತೆ,” ಎಂದಳು. ಮುಂದಿನದಕ್ಕೆ ದನಿ ಸಣ್ಣದು ಮಾಡಿದಳು. “ಕೊನೇ ಮನೇಲಿ ಇಬ್ರು ಅಂದ್ರಿ. ಒಬ್ರು ಅಂತ ತಿದ್ದಲಾ?”

ವರ್ಲೀನ್ ಹಾಳೆ ತೆಗೆದುಕೊಂಡು ಆ ಸಾಲು ಓದಿದಳು. ಮಾರಿಸೆಲಾ ಪೆನ್ನನ್ನೂ ಚಾಚಿದಳು, ಕಪ್ಪು ಇಂಕಿನದೇ. ತಪ್ಪು ಕಣ್ಣೆದುರಿಗೆ ಇತ್ತು; ಮೂವತ್ತೊಂದು ವರ್ಷದಲ್ಲಿ ಒಂದು ಅಂಕಿಯನ್ನೂ ಅವಳು ತಪ್ಪಾಗಿ ಬಿಟ್ಟು ಬಂದವಳಲ್ಲ. ಹಾಳೆಯ ಅಂಚು ಬೆರಳಿಗೆ ಚುಚ್ಚಿತು, ಅದು ತನ್ನದೇ ಬೆರಳು ಎಂದು ಅವಳಿಗೆ ಗೊತ್ತಾಯಿತು.

“ಬೇಡ ಮಗಳೇ,” ಎಂದಳು. “ಒಂದ್ಸಲ ತೆಗೆದಿದ್ದೀನಿ.”